ನಾಲ್ಕು ಬಾಟ್ಲು ಡ್ರಾಪ್ಸ್ ಮುಗಿದರೂ ಕಣ್ಣಿನ ಕೀವು ನಿಂತಿಲ್ಲ, ಇದು ಔಷಧಿಗೆ ಬಗ್ಗದ ಸೋಂಕಾ?

ಪ್ರಶ್ನೆ

"ಡಾಕ್ಟ್ರೇ, ನಾವು ಆಲೂರು ತಾಲ್ಲೂಕಿನವರು. ನಮ್ಮ ಅತ್ತೆಗೆ 63 ವರ್ಷ, ಶುಗರ್ ಇದೆ. ಐದು ತಿಂಗಳಿಂದ ಅವರ ಎಡಗಣ್ಣಿನಲ್ಲಿ ನೀರು ಸೋರುತ್ತಿದೆ. ಬೆಳಗ್ಗೆ ಎದ್ದರೆ ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡಿರುತ್ತದೆ. ನೋವು ಅಂತ ಇಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತಂದೆವು. ಬಿಡುವಾಗ ಕಡಿಮೆ ಆಗುತ್ತದೆ, ನಿಲ್ಲಿಸಿದರೆ ಮತ್ತೆ ಶುರು. ಹೀಗೆ ನಾಲ್ಕು ತರಹದ ಬಾಟ್ಲು ಆಯಿತು. ಅದರಲ್ಲಿ ಒಂದರ ಹೆಸರಿನ ಕೊನೆಗೆ 'ಡಿ' ಅಂತ ಇತ್ತು. ಅದು ಬಿಟ್ಟಾಗ ಎರಡೇ ದಿನಕ್ಕೆ ಕೆಂಪು ಇಳಿಯಿತು, ಅದಕ್ಕೇ ಮೂರು ವಾರ ಬಿಟ್ಟೆವು. ಪೊರೆ ಆಪರೇಷನ್ನಿಗೆ ಅಂತ ಕ್ಯಾಂಪಿಗೆ ಕರೆದುಕೊಂಡು ಹೋದರೆ 'ಮೊದಲು ಈ ಕೀವು ವಾಸಿ ಮಾಡಿಸಿಕೊಂಡು ಬನ್ನಿ' ಎಂದು ವಾಪಸ್ ಕಳಿಸಿದರು. ಕೀವು ಟೆಸ್ಟ್ ಮಾಡಿಸಿದೆವು. ಸ್ಟಫೈಲೋಕಾಕಸ್ ಆರಿಯಸ್ ಅಂತ ಬಂದಿದೆ. ಸಿಪ್ರೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಮುಂದೆ 'ಆರ್' ಅಂತಿದೆ. ಕ್ಲೋರಂಫೆನಿಕಾಲ್, ಜೆಂಟಾಮೈಸಿನ್, ಸೆಫಾಕ್ಸಿಟಿನ್ ಮುಂದೆ 'ಎಸ್'. ನೆಂಟರೊಬ್ಬರು 'ಅತ್ತೆಯ ಮೈಗೆ ಔಷಧಿ ಒಗ್ಗಿಹೋಗಿದೆ, ಇನ್ನು ಯಾವುದೂ ಹಿಡಿಯಲ್ಲ, ಕಣ್ಣು ಹೋಗುತ್ತೆ' ಎಂದು ಹೆದರಿಸಿದ್ದಾರೆ. ಕಳೆದ ವಾರ ಒಂಬತ್ತು ವರ್ಷದ ಮಗನ ಕಣ್ಣೂ ಕೆಂಪಾಯಿತು. ಗೊತ್ತಾಗದೆ ಅತ್ತೆಯ ಡ್ರಾಪ್ಸನ್ನೇ ಅವನಿಗೂ ಬಿಟ್ಟೆ. ಈಗ ರಾತ್ರಿ ನಿದ್ದೆ ಬರುತ್ತಿಲ್ಲ. ಅತ್ತೆಯದು ಮಗನಿಗೆ ಅಂಟಿತಾ? ಅವರ ಕಣ್ಣು ಉಳಿಯುತ್ತಾ? ಇದಕ್ಕಿಂತ ಸ್ಟ್ರಾಂಗ್ ಡ್ರಾಪ್ಸ್ ಯಾವುದಿದೆ?"

ಉತ್ತರ

ನೋಡಿಯಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅತ್ತೆಯವರ ಕಣ್ಣು ಹೋಗಿಬಿಡುವ ಲಕ್ಷಣ ಇದರಲ್ಲಿ ಕಾಣುತ್ತಿಲ್ಲ. ಹಾಗಂತ ಸುಮ್ನೆ ಬಿಡುವ ವಿಷಯವೂ ಅಲ್ಲ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಐದನೇ ಬಾಟ್ಲು ತರಬೇಡಿ. ಅತ್ತೆಯವರ ತೊಂದರೆಯ ಮೂಲ ಬಹುಶಃ ಕಣ್ಣಿನಲ್ಲಿಲ್ಲ, ಮೂಗಿನ ಪಕ್ಕದಲ್ಲಿದೆ.

ಒಂದು ಕೆಲಸ ಮಾಡಿ. ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ. ಅತ್ತೆಯವರನ್ನು ಜಗಲಿಯಲ್ಲಿ ಬೆಳಕಿಗೆ ಮುಖ ಮಾಡಿ ಕೂರಿಸಿ. ಎಡಗಣ್ಣಿನ ಒಳಮೂಲೆಯಿಂದ ಸ್ವಲ್ಪ ಕೆಳಗೆ, ಮೂಗಿನ ಎಲುಬು ಕೈಗೆ ಸಿಗುವ ಜಾಗದಲ್ಲಿ ತೋರುಬೆರಳಿನಿಂದ ಮೆಲ್ಲಗೆ ಒತ್ತಿ. ಒತ್ತುತ್ತಾ ಕೆಳರೆಪ್ಪೆಯ ಮೂಲೆಯನ್ನೇ ನೋಡುತ್ತಿರಿ. ಅಲ್ಲಿ ಸೂಜಿಮೊನೆಯಷ್ಟು ದೊಡ್ಡ ಒಂದು ತೂತು ಇದೆ. ಅದರಿಂದ ಗಂಜಿಯ ಹಾಗೆ ಬೆಳ್ಳಗೋ ಹಳದಿಯಾಗೋ ಒಂದು ಹನಿ ಉಕ್ಕಿ ಬಂದರೆ, ಐದು ತಿಂಗಳ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ. ಆ ಜಾಗ ಕೆಂಪಾಗಿ ಊದಿಕೊಂಡು ಮುಟ್ಟಿದರೆ ನೋಯುತ್ತಿದ್ದರೆ ಮಾತ್ರ ಒತ್ತಬೇಡಿ. ಅದು ಬೇರೆ ಹಂತ, ಮುಂದೆ ಹೇಳುತ್ತೇನೆ.

ನಮ್ಮ ಕಣ್ಣೀರು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಬರುತ್ತಲೇ ಇರುತ್ತದೆ. ಅದು ಕೆನ್ನೆಯ ಮೇಲೆ ಇಳಿಯುವುದಿಲ್ಲ ಯಾಕೆ? ಮೇಲಿನ ರೆಪ್ಪೆಗೊಂದು, ಕೆಳಗಿನ ರೆಪ್ಪೆಗೊಂದು ಸಣ್ಣ ತೂತಿದೆ. ಅಲ್ಲಿಂದ ನೀರು ಮೂಗಿನ ಪಕ್ಕದ ಒಂದು ಚಿಕ್ಕ ಚೀಲಕ್ಕೆ ಹೋಗುತ್ತದೆ, ಚೀಲದಿಂದ ನಾಳದಲ್ಲಿ ಮೂಗಿನ ಒಳಗೆ ಇಳಿಯುತ್ತದೆ. ಕಣ್ಣಿಗೆ ಡ್ರಾಪ್ಸ್ ಬಿಟ್ಟರೆ ಸ್ವಲ್ಪ ಹೊತ್ತಿಗೆ ಗಂಟಲು ಕಹಿಯಾಗುತ್ತದಲ್ವಾ? ಅದೇ ದಾರಿ. ಅತ್ತೆಯವರನ್ನು ಕೇಳಿ ನೋಡಿ. ಬಲಗಣ್ಣಿಗೆ ಬಿಟ್ಟಾಗ ಕಹಿ ಬಂದು, ಎಡಗಣ್ಣಿಗೆ ಬಿಟ್ಟಾಗ ಬರದಿದ್ದರೆ ಅದೂ ಒಂದು ಸುಳಿವು.

ಆ ನಾಳ ಕಟ್ಟಿಕೊಂಡರೆ ನೀರು ಚೀಲದಲ್ಲಿ ನಿಲ್ಲುತ್ತದೆ. ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅಲ್ಲಿಂದ ಕೀವು ಹಿಂದಕ್ಕೆ ಕಣ್ಣಿಗೆ ಬರುತ್ತದೆ. ನೀವು ಡ್ರಾಪ್ಸ್ ಬಿಟ್ಟಾಗ ಕಣ್ಣಿನ ಮೇಲಿದ್ದದ್ದು ಸಾಯುತ್ತದೆ, ಎರಡು ದಿನ ಚೆನ್ನಾಗಿರುತ್ತದೆ. ಚೀಲದ ಒಳಗಿದ್ದದ್ದು ಹಾಗೇ ಉಳಿಯುತ್ತದೆ. ನಿಲ್ಲಿಸಿದ ಕೂಡಲೇ ಮತ್ತೆ ಶುರು. ಮೋರಿ ಕಟ್ಟಿಕೊಂಡಾಗ ಮೇಲಿನಿಂದ ಫಿನೈಲ್ ಹಾಕಿದರೆ ವಾಸನೆ ಹೋದೀತು, ಮೋರಿ ತೆರೆಯುವುದಿಲ್ಲ. ಈ ಕಾಯಿಲೆಗೆ ಡ್ಯಾಕ್ರಿಯೋಸಿಸ್ಟೈಟಿಸ್ ಎನ್ನುತ್ತಾರೆ. ಐವತ್ತು ದಾಟಿದ ಹೆಂಗಸರಲ್ಲಿ ಜಾಸ್ತಿ. ಅವರಲ್ಲಿ ನಾಳ ಹಾದುಹೋಗುವ ಎಲುಬಿನ ದಾರಿ ಗಂಡಸರಿಗಿಂತ ಕಿರಿದಾಗಿರುತ್ತದೆ.

ಕ್ಯಾಂಪಿನವರು ವಾಪಸ್ ಕಳಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅವರು ಮಾಡಿದ್ದು ಸರಿ. ಪೊರೆ ಆಪರೇಷನ್ನಿನಲ್ಲಿ ಕಣ್ಣಿನ ಒಳಗೆ ಹೋಗಿ ಲೆನ್ಸ್ ಇಡುತ್ತೇವೆ. ಪಕ್ಕದಲ್ಲೇ ಕೀವಿನ ಚೀಲ ಇಟ್ಟುಕೊಂಡು ಕಣ್ಣು ತೆರೆದರೆ ಬ್ಯಾಕ್ಟೀರಿಯಾ ಒಳಗೆ ಸೇರಬಹುದು. ಒಳಗೆ ಸೇರಿದರೆ ಕೆಲವೇ ದಿನಗಳಲ್ಲಿ ಕಣ್ಣು ಹಾಳಾಗುತ್ತದೆ. ಇಂಥ ಕಣ್ಣಿಗೆ ಆಪರೇಷನ್ ಬೇಡ ಎಂದವರು ನಿಮ್ಮ ಅತ್ತೆಯವರ ಕಣ್ಣು ಉಳಿಸಿದ್ದಾರೆ ಎಂದೇ ಹೇಳುತ್ತೇನೆ.

ಈಗ ಆ ರಿಪೋರ್ಟಿಗೆ ಬರೋಣ. ನಿಮ್ಮ ನಿದ್ದೆ ಕೆಡಿಸಿದ್ದು ಅದೇ ತಾನೇ?

"ಆರ್" ಅಂದರೆ ರೆಸಿಸ್ಟೆಂಟ್, ಆ ಔಷಧಿಗೆ ಬಗ್ಗಲಿಲ್ಲ ಎಂದು. "ಎಸ್" ಅಂದರೆ ಬಗ್ಗಿತು. ಬಗ್ಗಲಿಲ್ಲ ಎನ್ನುವುದು ಬ್ಯಾಕ್ಟೀರಿಯಾದ ಗುಣ. ಅತ್ತೆಯವರ ಮೈಗೂ ಅದಕ್ಕೂ ಸಂಬಂಧ ಇಲ್ಲ. "ಮೈಗೆ ಔಷಧಿ ಒಗ್ಗಿಹೋಗಿದೆ" ಎನ್ನುವ ಮಾತನ್ನು ನಾನು ವಾರಕ್ಕೆ ಹತ್ತು ಸಲವಾದರೂ ಕೇಳುತ್ತೇನೆ. ಓದಿದವರೂ ಹೇಳುತ್ತಾರೆ. ಮೈ ಒಗ್ಗಿಕೊಳ್ಳುವುದಿಲ್ಲ. ಬ್ಯಾಕ್ಟೀರಿಯಾ ಬದಲಾಗುತ್ತದೆ. ಈ ವ್ಯತ್ಯಾಸ ದೊಡ್ಡದು. ಯಾಕೆಂದರೆ ಬದಲಾದ ಬ್ಯಾಕ್ಟೀರಿಯಾ ಒಂದು ಬಾಟ್ಲು ಔಷಧಿಯನ್ನೂ ಪೂರ್ತಿ ಬಳಸದ ನಿಮ್ಮ ಮಗನಿಗೂ ಅಂಟಬಹುದು.

ನಮ್ಮ ಜಿಲ್ಲೆಯಲ್ಲಿ ಆಲೂಗೆಡ್ಡೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಮಾರಿ ಬಂದಾಗ ಮೆಟಲಾಕ್ಸಿಲ್ ಎಂಬ ಔಷಧಿ ಹೊಡೆಯುತ್ತಿದ್ದರು. ಮೊದಮೊದಲು ಚೆನ್ನಾಗಿ ಹಿಡಿಯಿತು. ಅದನ್ನೇ ಮತ್ತೆ ಮತ್ತೆ ಹೊಡೆದ ಕಡೆಗಳಲ್ಲೆಲ್ಲ ಅದಕ್ಕೆ ಸಾಯದ ರೋಗಾಣು ಉಳಿದುಕೊಂಡು ಹೊಲ ತುಂಬಿತು. ಗಿಡ ಅದೇ, ಮಣ್ಣು ಅದೇ, ರೋಗಾಣು ಬೇರೆಯಾಯಿತು. ಕಣ್ಣಿನಲ್ಲೂ ನಡೆಯುವುದು ಇಷ್ಟೇ. ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ ಅರ್ಧ ಗಂಟೆಯೊಳಗೆ ಒಂದು ಎರಡಾಗುತ್ತದೆ. ಕೋಟಿಗಟ್ಟಲೆ ಹುಟ್ಟುವಾಗ ಒಂದೋ ಎರಡೋ ಸ್ವಲ್ಪ ಬೇರೆ ತರಹ ಹುಟ್ಟುತ್ತವೆ. ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಔಷಧಿ ಬ್ಯಾಕ್ಟೀರಿಯಾದ ಡಿಎನ್‌ಎ ಬಿಚ್ಚಿಕೊಳ್ಳುವ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಆ ಕಿಣ್ವದ ಆಕಾರ ಚೂರು ಬದಲಾದರೆ ಹಿಡಿತ ಸಡಿಲವಾಗುತ್ತದೆ. ಇನ್ನೊಂದು ಬದಲಾವಣೆ ಸೇರಿದರೆ ಪೂರ್ತಿ ಜಾರುತ್ತದೆ. ಕೆಲವು ಬ್ಯಾಕ್ಟೀರಿಯಾ ಒಳಗೆ ಬಂದ ಔಷಧಿಯನ್ನು ಪಂಪ್ ಮಾಡಿ ಹೊರಗೆ ಹಾಕುತ್ತವೆ. ಇನ್ನು ಕೆಲವು ಈ ವಿದ್ಯೆಯನ್ನು ಪಕ್ಕದ ಬ್ಯಾಕ್ಟೀರಿಯಾಗೂ ದಾಟಿಸುತ್ತವೆ.

ಇದರಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಒಂದು ಬದಲಾವಣೆ ಆದ ಬ್ಯಾಕ್ಟೀರಿಯಾ ಪೂರ್ತಿ ಡೋಸಿಗೆ ಸಾಯುತ್ತದೆ, ಅರೆ ಡೋಸಿಗೆ ಬದುಕುತ್ತದೆ. ಬದುಕಿದರೆ ಎರಡನೇ ಬದಲಾವಣೆಗೆ ಅವಕಾಶ. ದಿನಕ್ಕೆ ನಾಲ್ಕು ಸಲ ಬಿಡಬೇಕಾದ್ದನ್ನು "ಸ್ವಲ್ಪ ಕಡಿಮೆ ಆಗಿದೆಯಲ್ಲ" ಎಂದು ರಾತ್ರಿ ಒಂದು ಹನಿ ಮಾತ್ರ, ಹೀಗೆ ತಿಂಗಳುಗಟ್ಟಲೆ ಬಿಡುತ್ತಾರಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು. ಆಂಟಿಬಯೋಟಿಕ್ ಡ್ರಾಪ್ಸನ್ನು ಹಂತ ಹಂತವಾಗಿ ಇಳಿಸುವ ಕ್ರಮ ಇಲ್ಲ. ಹೇಳಿದಷ್ಟು ದಿನ ಹೇಳಿದಷ್ಟು ಸಲ ಬಿಡಬೇಕು, ಆಮೇಲೆ ಒಂದೇ ಸಲ ನಿಲ್ಲಿಸಬೇಕು. ಇಳಿಸುತ್ತಾ ಹೋಗುವುದು ಸ್ಟಿರಾಯ್ಡ್ ಡ್ರಾಪ್ಸಿಗೆ. ಎರಡಕ್ಕೂ ಒಂದೇ ಲೆಕ್ಕ ಹಾಕಿ ಎಡವಿದವರನ್ನು ಬೇಕಾದಷ್ಟು ನೋಡಿದ್ದೇನೆ.

ತಪ್ಪು ಬರೀ ರೋಗಿಗಳದ್ದಲ್ಲ. ನಮ್ಮ ವೈದ್ಯರ ಪಾಲೂ ಇದೆ. ಶುಗರ್‌ನಿಂದ ನರಪಟಲ (ರೆಟಿನಾ) ಕೆಟ್ಟವರಿಗೆ ಕಣ್ಣಿನ ಒಳಗೆ ತಿಂಗಳಿಗೊಂದು ಇಂಜೆಕ್ಷನ್ ಕೊಡುತ್ತೇವೆ. ಪ್ರತಿ ಇಂಜೆಕ್ಷನ್ನಿಗೂ ಮುನ್ನೆಚ್ಚರಿಕೆ ಎಂದು ನಾಲ್ಕಾರು ದಿನ ಆಂಟಿಬಯೋಟಿಕ್ ಡ್ರಾಪ್ಸ್ ಬರೆಯುವುದು ರೂಢಿಯಾಗಿತ್ತು. ಅಂಥವರ ಕಣ್ಣಿನ ಮೇಲಿನ ಸಾಮಾನ್ಯ ಬ್ಯಾಕ್ಟೀರಿಯಾಗಳೇ ಕ್ರಮೇಣ ಔಷಧಿಗೆ ಬಗ್ಗದ ಹಾಗೆ ಆಗುತ್ತವೆ ಎಂದು ಅಧ್ಯಯನಗಳು ತೋರಿಸಿದವು. ಈಗ ಆ ರೂಢಿ ಬಿಟ್ಟಿದ್ದೇವೆ. ಇಂಜೆಕ್ಷನ್ನಿಗೂ ಪೊರೆ ಆಪರೇಷನ್ನಿಗೂ ಮೊದಲು 5% ಪೊವಿಡೋನ್ ಅಯೋಡಿನ್ ಹಾಕುತ್ತೇವೆ. ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾವೂ ಅದಕ್ಕೆ ಸಾಯುತ್ತದೆ. (ಮನೆಯಲ್ಲಿ ಗಾಯಕ್ಕೆ ಹಚ್ಚುವ ಅಯೋಡಿನ್ ಬಾಟ್ಲು ಇದ್ದರೆ ದಯವಿಟ್ಟು ಕಣ್ಣಿಗೆ ಹಾಕಬೇಡಿ. ಅದು ಕಣ್ಣಿಗೆಂದು ಮಾಡಿದ್ದಲ್ಲ, ಕಣ್ಣು ಸುಡುತ್ತದೆ.)

ಹಾಗಾದರೆ ಅತ್ತೆಯವರ ರಿಪೋರ್ಟ್ ಎಷ್ಟು ಭಯಂಕರ? ನನಗೆ ಭಯ ಹುಟ್ಟಿಸುವಂಥದ್ದು ಅದರಲ್ಲಿ ಏನೂ ಇಲ್ಲ. ಕ್ಲೋರಂಫೆನಿಕಾಲ್, ಜೆಂಟಾಮೈಸಿನ್ ಎರಡೂ ಹಳೆಯ, ಕಡಿಮೆ ಬೆಲೆಯ ಔಷಧಿಗಳು, ಎರಡೂ ಕೆಲಸ ಮಾಡುತ್ತವೆ ಎಂದಿದೆ. ಸೆಫಾಕ್ಸಿಟಿನ್ ಮುಂದೆ "ಎಸ್" ಇರುವುದು ಮುಖ್ಯ. ಅಂದರೆ ಇದು ಎಂಆರ್‌ಎಸ್‌ಎ ಎಂದು ಕರೆಯುವ ಮೊಂಡು ಜಾತಿ ಅಲ್ಲ. ಅಮೆರಿಕದಲ್ಲಿ 2009ರಿಂದ ಕಣ್ಣಿನ ಬ್ಯಾಕ್ಟೀರಿಯಾಗಳನ್ನೇ ವರ್ಷ ವರ್ಷ ಪರೀಕ್ಷಿಸುತ್ತಾ ಬಂದಿದ್ದಾರೆ. ಅಲ್ಲಿ ಸ್ಟಫೈಲೋಕಾಕಸ್ ಆರಿಯಸ್‌ನಲ್ಲಿ ಮೂರರಲ್ಲಿ ಒಂದರಷ್ಟು ಆ ಮೊಂಡು ಜಾತಿಯವೇ.

ರಿಪೋರ್ಟಿನ ಬಗ್ಗೆ ಇನ್ನೊಂದು ವಿಷಯ. ಲ್ಯಾಬಿನವರು "ಆರ್" "ಎಸ್" ಎಂದು ತೀರ್ಮಾನ ಮಾಡುವುದು ಮಾತ್ರೆ ನುಂಗಿದಾಗಲೋ ಇಂಜೆಕ್ಷನ್ ಕೊಟ್ಟಾಗಲೋ ರಕ್ತದಲ್ಲಿ ಸಿಗುವ ಔಷಧಿಯ ಪ್ರಮಾಣದ ಮೇಲೆ. ಮಾಕ್ಸಿಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ಕಿನ 400 ಎಂಜಿ ಮಾತ್ರೆ ನುಂಗಿದರೆ ಒಂದು ಎಂಎಲ್ ರಕ್ತದಲ್ಲಿ ನಾಲ್ಕೈದು ಮೈಕ್ರೋಗ್ರಾಂ ಇರುತ್ತದೆ. ಅದೇ ಔಷಧಿಯ ಡ್ರಾಪ್ಸಿನಲ್ಲಿ ಒಂದು ಎಂಎಲ್‌ಗೆ 5000 ಮೈಕ್ರೋಗ್ರಾಂ. ಸಾವಿರ ಪಟ್ಟು! ಹಾಗಾಗಿ ರಿಪೋರ್ಟಿನಲ್ಲಿ "ಆರ್" ಇದ್ದರೂ ಕೆಲವೊಮ್ಮೆ ಡ್ರಾಪ್ಸ್ ಕೆಲಸ ಮಾಡುತ್ತದೆ. ಆದರೆ ಕಣ್ಣೀರು ಆ ಹನಿಯನ್ನು ಕೆಲವೇ ನಿಮಿಷದಲ್ಲಿ ತೊಳೆದುಬಿಡುತ್ತದೆ. ಆದ್ದರಿಂದ ನಾವು ರಿಪೋರ್ಟ್ ಒಂದನ್ನೇ ನೋಡುವುದಿಲ್ಲ, ಕಣ್ಣನ್ನೂ ನೋಡುತ್ತೇವೆ. ಆರೋಗ್ಯವಾಗಿರುವ ಕಣ್ಣಿನಿಂದ ಹತ್ತಿಯಲ್ಲಿ ಒರೆಸಿ ಕಳಿಸಿದರೂ ಬಹಳ ಸಲ ಏನಾದರೊಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬೆಳೆದದ್ದೆಲ್ಲ ಕಾಯಿಲೆ ಅಲ್ಲ.

ನನಗೆ ಚಿಂತೆ ಹಚ್ಚಿದ್ದು ಆ "ಡಿ" ಬಾಟ್ಲು. ಡ್ರಾಪ್ಸಿನ ಹೆಸರಿನ ಕೊನೆಗೆ ಡಿ, ಡೆಕ್ಸ್, ಎಲ್‌ಪಿ ಇಂಥ ಬಾಲ ಇದ್ದರೆ ಸಾಮಾನ್ಯವಾಗಿ ಅದರಲ್ಲಿ ಆಂಟಿಬಯೋಟಿಕ್ ಜೊತೆ ಸ್ಟಿರಾಯ್ಡ್ ಬೆರೆತಿರುತ್ತದೆ. ಸ್ಟಿರಾಯ್ಡ್ ಕೆಂಪನ್ನು ಇಳಿಸುತ್ತದೆ, ಉರಿ ಕಡಿಮೆ ಮಾಡುತ್ತದೆ. ಸೋಂಕನ್ನು ಕೊಲ್ಲುವುದಿಲ್ಲ. ಸೋಂಕಿನ ಜೊತೆ ಹೋರಾಡುವ ಮೈಯ ಶಕ್ತಿಯನ್ನೇ ಆ ಜಾಗದಲ್ಲಿ ಕುಗ್ಗಿಸುತ್ತದೆ. ಎರಡೇ ದಿನಕ್ಕೆ ಬೆಳ್ಳಗಾದ ಕಣ್ಣು ನೋಡಿ "ಇದೇ ಒಳ್ಳೆ ಔಷಧಿ" ಅನ್ನಿಸಿದ್ದು ಸಹಜ. ನಾವು ವೈದ್ಯರೂ ಇದನ್ನು ಬಳಸುತ್ತೇವೆ, ಆಪರೇಷನ್ ಆದ ಮೇಲೆ, ಕಣ್ಣನ್ನು ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ನೋಡಿಕೊಂಡು. ನೋಡದೆ ಮೂರು ವಾರ ಬಿಟ್ಟರೆ ಕೆಲವರಲ್ಲಿ ಕಣ್ಣಿನ ಒತ್ತಡ ಏರುತ್ತದೆ, ಅವರಿಗೆ ಅದು ಗೊತ್ತೂ ಆಗುವುದಿಲ್ಲ. ಇನ್ನೂ ಹೆಚ್ಚು ಕಾಲ ಬಿಟ್ಟರೆ ಪೊರೆಯೂ ಬೇಗ ಬಲಿಯುತ್ತದೆ. ಅತ್ತೆಯವರಿಗೆ ಎರಡೂ ಕಣ್ಣಿನ ಪ್ರೆಶರ್ ಒಮ್ಮೆ ನೋಡಿಸಲೇಬೇಕು. ಎರಡು ನಿಮಿಷದ ಕೆಲಸ.

ಈ ಬಾಟ್ಲಿನಿಂದ ಏನಾಗುತ್ತದೆ ಎಂದು ಒಂದು ಘಟನೆ ಹೇಳುತ್ತೇನೆ. ಹಿಂದೆ ಅರಕಲಗೂಡು ಕಡೆಯ ಒಬ್ಬ ರೈತರು ಬಂದಿದ್ದರು. ಮುಸುಕಿನ ಜೋಳ ಮುರಿಯುವಾಗ ಗರಿ ಕಣ್ಣಿಗೆ ಬಡಿದಿತ್ತು. ಹನ್ನೆರಡು ದಿನ ಆಗಿತ್ತು. ಕೂತವರೇ ಎಲೆಅಡಿಕೆ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದಿಂದ ಮೂರು ಬಾಟ್ಲು ತೆಗೆದು ನನ್ನ ಟೇಬಲ್ ಮೇಲೆ ಸಾಲಾಗಿ ಇಟ್ಟರು. "ಮೂರೂ ಆಯ್ತು ಸಾರ್, ಯಾವುದಕ್ಕೂ ಬಗ್ತಿಲ್ಲ" ಎಂದರು. ಮೂರರಲ್ಲಿ ಎರಡಕ್ಕೆ ಆ ಬಾಲ ಇತ್ತು. ಕರಿಗುಡ್ಡೆಯ ನಡುವೆ ಬೂದುಬಣ್ಣದ ಹುಣ್ಣು, ಅಂಚು ಗರಿಗರಿಯಾಗಿ ಹರಡಿತ್ತು. ಮರಗಟ್ಟಿಸುವ ಡ್ರಾಪ್ಸ್ ಹಾಕಿ ಹುಣ್ಣಿನ ಅಂಚನ್ನು ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಯ ಮೇಲೆ ಪೊಟ್ಯಾಷ್ ದ್ರಾವಣದ ಒಂದು ತೊಟ್ಟು ಹಾಕಿ ನೋಡಿದರೆ ನೂಲಿನ ಎಳೆಗಳು ಕಂಡವು. ಫಂಗಸ್. ಬೂಷ್ಟು ಎನ್ನುತ್ತೇವಲ್ಲ, ಅದೇ ವರ್ಗದ್ದು. ಅವರ ಕಣ್ಣಲ್ಲಿ ಬಗ್ಗದ ಬ್ಯಾಕ್ಟೀರಿಯಾ ಇರಲೇ ಇಲ್ಲ. ಬ್ಯಾಕ್ಟೀರಿಯಾದ ಔಷಧಿ ಫಂಗಸ್ಸಿಗೆ ನಾಟುವುದಿಲ್ಲ, ಸ್ಟಿರಾಯ್ಡ್ ಅದಕ್ಕೆ ಗೊಬ್ಬರ ಹಾಕಿದ ಹಾಗೆ. ಫಂಗಸ್ ಕೊಲ್ಲುವ ನ್ಯಾಟಮೈಸಿನ್ ಡ್ರಾಪ್ಸನ್ನು ಆರು ವಾರ ಹಾಕಿದೆವು. ಕಣ್ಣು ಉಳಿಯಿತು. ಆದರೆ ಕರಿಗುಡ್ಡೆಯ ನಡುವೆ ಬಿಳಿ ಕಲೆ, ಅಂದರೆ ಹೂ ಬಿತ್ತು, ಆ ಕಣ್ಣಲ್ಲಿ ಈಗ ಕೈಬೆರಳು ಎಣಿಸುವಷ್ಟೇ ದೃಷ್ಟಿ. ಮೂರನೇ ದಿನವೇ ಬಂದಿದ್ದರೆ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ದಕ್ಷಿಣ ಭಾರತದ ಹಳ್ಳಿಗಳಲ್ಲಿ ಭತ್ತದ ಹೊಟ್ಟು, ಕಬ್ಬಿನ ಗರಿ, ಕಡ್ಡಿ ತಾಗಿ ಆಗುವ ಕರಿಗುಡ್ಡೆ ಹುಣ್ಣುಗಳಲ್ಲಿ ಫಂಗಸ್‌ನಿಂದ ಆದವು ಬಹಳ. ನಿಮ್ಮದೂ ಹೊಲಮನೆ ಇರುವ ಊರು, ಅದಕ್ಕೇ ಇಷ್ಟು ಹೇಳಿದೆ.

ನಿಜವಾಗಿ ಬಗ್ಗದ ಬ್ಯಾಕ್ಟೀರಿಯಾ ಬಂದರೆ ಏನು ಮಾಡುತ್ತೇವೆ? ಅಂಥದ್ದೂ ಬರುತ್ತವೆ. ಆಗ ಹುಣ್ಣನ್ನು ಕೆರೆದು ಕಲ್ಚರಿಗೆ (ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸುತ್ತೇವೆ, ಉತ್ತರ ಬರಲು ಎರಡು ಮೂರು ದಿನ ಬೇಕು. ಅಷ್ಟರಲ್ಲಿ ಇಂಜೆಕ್ಷನ್ ವಯಲ್‌ನಿಂದಲೇ ಡ್ರಾಪ್ಸ್ ತಯಾರಿಸುತ್ತೇವೆ. 500 ಎಂಜಿ ವ್ಯಾಂಕೋಮೈಸಿನ್ ಪುಡಿಯನ್ನು ಹತ್ತು ಎಂಎಲ್‌ನಲ್ಲಿ ಕರಗಿಸಿದರೆ 5% ಡ್ರಾಪ್ಸ್. ಅಂಗಡಿಯಲ್ಲಿ ಸಿಗುವುದಲ್ಲ ಅದು. ಕಣ್ಣಿಗೆ ಬಿಟ್ಟರೆ ಕೆಂಡದ ಹಾಗೆ ಉರಿಯುತ್ತದೆ. ಗಂಟೆಗೊಂದು ಹನಿ, ಮೊದಲ ಎರಡು ದಿನ ರಾತ್ರಿಯೂ ಎದ್ದು ಬಿಡಬೇಕು. ಫ್ರಿಜ್ಜಿನಲ್ಲಿಡಬೇಕು, ವಾರ ಆದರೆ ಎಸೆಯಬೇಕು. ಇದೇ ನೀವು ಕೇಳಿದ "ಸ್ಟ್ರಾಂಗ್ ಡ್ರಾಪ್ಸ್". ಸುಮ್ನೆ ಗೀಜಿಗೆ ಇದನ್ನು ಬಳಸಿ ಹಾಳು ಮಾಡಿದರೆ, ಕರಿಗುಡ್ಡೆ ಕರಗುತ್ತಿರುವವರಿಗೆ ಕೊಡಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಏನೂ ಉಳಿಯದ ಸ್ಥಿತಿ ಬರೀ ಕಲ್ಪನೆಯಲ್ಲ. 2023ರಲ್ಲಿ ಅಮೆರಿಕದಲ್ಲಿ ಒಣಕಣ್ಣಿಗೆ ಬಿಡುವ ಕೃತಕ ಕಣ್ಣೀರಿನ ಡ್ರಾಪ್ಸಿನಲ್ಲೇ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಸೇರಿತ್ತು. ಆ ಡ್ರಾಪ್ಸ್ ತಯಾರಾದದ್ದು ನಮ್ಮ ಪಕ್ಕದ ತಮಿಳುನಾಡಿನಲ್ಲಿ. ಹೆಚ್ಚುಕಡಿಮೆ ಯಾವ ಆಂಟಿಬಯೋಟಿಕ್‌ಗೂ ಬಗ್ಗದ ಜಾತಿ ಅದು. ಅಲ್ಲಿನ 18 ರಾಜ್ಯಗಳಲ್ಲಿ 81 ಜನಕ್ಕೆ ತಗುಲಿತು. 14 ಜನ ದೃಷ್ಟಿ ಕಳೆದುಕೊಂಡರು, ನಾಲ್ವರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು, ನಾಲ್ವರು ಸತ್ತರು. ಬಾಟ್ಲಿನ ಮೂತಿ ಕೊಳೆಯಾಗದಂತೆ ನೋಡಿಕೊಳ್ಳಿ ಎಂದು ನಾನು ಪ್ರತಿ ರೋಗಿಗೂ ಹೇಳುವುದು ಇದಕ್ಕೇ.

ಈಗ ನಿಮ್ಮ ಮಗ. ಅತ್ತೆಯವರ ನಾಳದ ತೊಂದರೆ ಅಂಟುವುದಿಲ್ಲ. ಅವರ ಕೀವಿನಲ್ಲಿರುವ ಬ್ಯಾಕ್ಟೀರಿಯಾ ಟವೆಲ್ಲಿನಿಂದಲೋ ಬಾಟ್ಲಿನಿಂದಲೋ ದಾಟಬಹುದು. ಆದರೆ ಮಗನಿಗೆ ಬಂದದ್ದು ಹೆಚ್ಚಾಗಿ ಶಾಲೆಯಿಂದ ಬಂದ ಮದ್ರಾಸ್ ಐ ಇರಬೇಕು. ಅದು ವೈರಸ್. 2023ರ ಮಳೆಗಾಲದಲ್ಲಿ ನಮ್ಮ ರಾಜ್ಯದಲ್ಲೆಲ್ಲ ಹರಡಿತ್ತು, ನಿಮಗೂ ನೆನಪಿರಬಹುದು. ಅವನ ಕಣ್ಣಲ್ಲಿ ನೀರೇ ಜಾಸ್ತಿ, ಮೊದಲು ಒಂದು ಕಣ್ಣು, ಎರಡು ಮೂರು ದಿನಕ್ಕೆ ಇನ್ನೊಂದು, ಜೊತೆಗೆ ನೆಗಡಿ, ಕಿವಿಯ ಮುಂದೆ ಸಣ್ಣ ಗಂಟು ಇದ್ದರೆ ವೈರಸ್ಸೇ. ದಿನವಿಡೀ ಒರೆಸಿದಷ್ಟೂ ಹಳದಿ ಕೀವು ಬರುತ್ತಿದ್ದರೆ ಬ್ಯಾಕ್ಟೀರಿಯಾ. ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಜಾಸ್ತಿ, ಕೆಲವೊಮ್ಮೆ ಕಿವಿನೋವೂ ಇರುತ್ತದೆ. ತುರಿಕೆಯೇ ಜಾಸ್ತಿ, ಎರಡೂ ಕಣ್ಣು ಒಟ್ಟಿಗೆ, ಪ್ರತಿ ಬೇಸಿಗೆಯಲ್ಲೂ ಬರುತ್ತದೆ ಅಂದರೆ ಅಲರ್ಜಿ. ಬೆಳಗ್ಗೆ ರೆಪ್ಪೆ ಅಂಟಿರುವುದು ಮೂರರಲ್ಲೂ ಇರಬಹುದು, ಅದೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ.

ವೈರಸ್ಸಿಗೆ ಆಂಟಿಬಯೋಟಿಕ್ ಬೇಡ. ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಒರೆಸಿ, ಒಂದು ಕಣ್ಣಿಗೆ ಬಳಸಿದ ಹತ್ತಿ ಇನ್ನೊಂದಕ್ಕೆ ಬೇಡ. ನೀರು ಸೋರುವುದು ನಿಲ್ಲುವವರೆಗೆ ಶಾಲೆ ಬೇಡ. ಬ್ಯಾಕ್ಟೀರಿಯಾದ ಸಾಮಾನ್ಯ ಕೆಂಗಣ್ಣು ಕೂಡ ಬಹಳ ಮಕ್ಕಳಲ್ಲಿ ವಾರ, ಹತ್ತು ದಿನದಲ್ಲಿ ತಾನಾಗೇ ಇಳಿಯುತ್ತದೆ. ಡ್ರಾಪ್ಸ್ ಹಾಕಿದರೆ ಒಂದೆರಡು ದಿನ ಬೇಗ. ಅತ್ತೆಯವರ ಡ್ರಾಪ್ಸ್ ಒಂದೆರಡು ಸಲ ಬಿಟ್ಟಿದ್ದಕ್ಕೆ ನೀವು ಅಳುವಂಥದ್ದೇನೂ ಆಗಿಲ್ಲ. ಅದನ್ನು ನಿಲ್ಲಿಸಿ, ಆ ಬಾಟ್ಲನ್ನು ಬೇರೆ ಇಡಿ. ಬೆಳಕು ನೋಡಲು ಆಗುತ್ತಿಲ್ಲ, ಮಂಜು ಮಂಜು, ಒಳಗೆ ಚುಚ್ಚುವ ನೋವು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಈ ಮಾತು ಮನೆಯ ಎಲ್ಲರಿಗೂ ಅನ್ವಯ.

ಮದ್ರಾಸ್ ಐ ಬಂದವರ ಕಣ್ಣು ನೋಡಿದರೆ ಬರುವುದಿಲ್ಲ. ಕೈ, ಟವೆಲ್, ದಿಂಬು, ಹೀಗೆ ಹರಡುತ್ತದೆ. ಕಪ್ಪು ಕನ್ನಡಕ ಹಾಕಿದವರಿಗೆ ಬಿಸಿಲಿನಲ್ಲಿ ಹಿತ, ಅಷ್ಟೇ. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ ಕಣ್ಣಿಗೆ ಬಿಡುವ ರೂಢಿ ನಮ್ಮ ಕಡೆ ಇನ್ನೂ ಇದೆ. ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆ ಹೂ ಇಟ್ಟುಕೊಂಡರೆ ತೊಂದರೆ ಇಲ್ಲ. ರಸವನ್ನಾಗಲಿ ಹಾಲನ್ನಾಗಲಿ ಒಳಗೆ ಬಿಡಬೇಡಿ.

ಅತ್ತೆಯವರಿಗೆ ಮುಂದೇನು? ಮೊದಲು ಸಿರಿಂಜಿಂಗ್ ಎಂಬ ಪರೀಕ್ಷೆ. ಆ ಸಣ್ಣ ತೂತಿನಿಂದ ಮೊಂಡು ಸೂಜಿಯಲ್ಲಿ ನೀರು ಬಿಡುತ್ತಾರೆ. ಗಂಟಲಿಗೆ ನೀರು ಬಂದರೆ ದಾರಿ ತೆರೆದಿದೆ, ವಾಪಸ್ ಕಣ್ಣಿಗೇ ಉಕ್ಕಿದರೆ ಕಟ್ಟಿದೆ. ನೋವು ಅಷ್ಟಿಲ್ಲ. ದಾರಿ ತೆರೆದಿದ್ದರೆ ನನ್ನ ಊಹೆ ತಪ್ಪು. ಆಗ ರೆಪ್ಪೆಯ ಅಂಚಿನ ಊತ, ಒಣಕಣ್ಣು, ಅಥವಾ ತಿಂಗಳುಗಟ್ಟಲೆ ಬಿಟ್ಟ ಡ್ರಾಪ್ಸಿನ ಕೆಡದಂತೆ ಇಡುವ ರಾಸಾಯನಿಕವೇ ಕಣ್ಣನ್ನು ಕೆರಳಿಸುತ್ತಿದೆಯಾ ಎಂದು ನೋಡಬೇಕು. ಈ ಕೊನೆಯದಂತೂ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಔಷಧಿ ನಿಲ್ಲಿಸಿದರೇ ವಾಸಿಯಾಗುವ ಕಣ್ಣುಗಳಿವೆ.

ಕಟ್ಟಿದ್ದರೆ ಆಪರೇಷನ್ನೇ ದಾರಿ. ಡಿಸಿಆರ್ ಎನ್ನುತ್ತಾರೆ. ಕಣ್ಣೀರಿನ ಚೀಲದಿಂದ ಮೂಗಿನೊಳಕ್ಕೆ ಹೊಸ ದಾರಿ ಮಾಡುವುದು. ಹತ್ತರಲ್ಲಿ ಒಂಬತ್ತು ಜನಕ್ಕೆ ಚೆನ್ನಾಗಿ ಹಿಡಿಯುತ್ತದೆ. ಹೊರಗಿನಿಂದ ಮಾಡಿದರೆ ಮೂಗಿನ ಪಕ್ಕ ಒಂದು ಸಣ್ಣ ಗೆರೆ ಉಳಿಯುತ್ತದೆ, ಅತ್ತೆಯವರ ವಯಸ್ಸಿಗೆ ಅದು ಸುಕ್ಕಿನಲ್ಲಿ ಸೇರಿಹೋಗುತ್ತದೆ. ಮೂಗಿನ ಒಳಗಿನಿಂದ ದುರ್ಬೀನಿನಲ್ಲಿ ಮಾಡಿದರೆ ಗೆರೆಯೂ ಇಲ್ಲ. ಮೊದಲ ಒಂದೆರಡು ದಿನ ಮೂಗಿನಿಂದ ರಕ್ತ ಬರಬಹುದು. ಕೆಲವರಿಗೆ ಹೊಸ ದಾರಿಯೂ ಮುಚ್ಚಿಕೊಂಡು ಮತ್ತೆ ಮಾಡಬೇಕಾಗುತ್ತದೆ. ಶುಗರ್, ಬಿಪಿ ಹತೋಟಿಯಲ್ಲಿರಬೇಕು. ಹೃದಯಕ್ಕೆ ಅಂತ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗೇ ನಿಲ್ಲಿಸಬೇಡಿ.

ಬಹಳ ವಯಸ್ಸಾದವರಿಗೆ, ಮೈ ತಡೆಯದವರಿಗೆ ಚೀಲವನ್ನೇ ತೆಗೆದುಬಿಡುವ ಸಣ್ಣ ಆಪರೇಷನ್ ಇದೆ. ಕೀವು ನಿಲ್ಲುತ್ತದೆ, ಪೊರೆ ಆಪರೇಷನ್ನಿಗೆ ದಾರಿಯಾಗುತ್ತದೆ. ಆದರೆ ಕಣ್ಣಲ್ಲಿ ನೀರು ಸೋರುವುದು ಜೀವನಪೂರ್ತಿ ಇರುತ್ತದೆ. 63 ವರ್ಷಕ್ಕೆ ನಾನಾದರೆ ಡಿಸಿಆರ್ ಎಂದೇ ಹೇಳುತ್ತೇನೆ. ಏನೂ ಮಾಡಿಸದೆ ಡ್ರಾಪ್ಸಿನಲ್ಲೇ ದೂಡಬಹುದಾ? ದೂಡಬಹುದು. ಆದರೆ ಬಗ್ಗದ ಬ್ಯಾಕ್ಟೀರಿಯಾಗೆ ನೀವೇ ಮನೆಯಲ್ಲಿ ಹಾಸಿಗೆ ಹಾಸಿಕೊಟ್ಟ ಹಾಗೆ ಆಗುತ್ತದೆ. ಜೊತೆಗೆ ಯಾವತ್ತೋ ಒಂದು ದಿನ ಆ ಜಾಗ ಕೆಂಪಾಗಿ ಊದಿ, ಜ್ವರ ಬಂದು, ಮುಟ್ಟಲು ಆಗದಷ್ಟು ನೋವಾಗಬಹುದು. ಶುಗರ್ ಇರುವವರಲ್ಲಿ ಅದು ಬೇಗ ಕೆಡುತ್ತದೆ. ಹಾಗಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಆಗ ಮಾತ್ರೆಯೋ ಇಂಜೆಕ್ಷನ್ನೋ ಬೇಕೇ ಬೇಕು.

ಆಪರೇಷನ್ ಗೊತ್ತಾಗುವವರೆಗೆ ದಿನಕ್ಕೆರಡು ಸಲ ಆ ಜಾಗ ಒತ್ತಿ ಕೀವು ತೆಗೆದು ಒರೆಸಿ. ಆಂಟಿಬಯೋಟಿಕ್ ಎಷ್ಟು ದಿನ, ಯಾವುದು ಎನ್ನುವುದನ್ನು ನೋಡಿದ ಡಾಕ್ಟರು ಆ ರಿಪೋರ್ಟ್ ಇಟ್ಟುಕೊಂಡು ಬರೆಯುತ್ತಾರೆ. ಬಿಡುವಾಗ ಒಂದೇ ಹನಿ ಸಾಕು. ಕಣ್ಣಿನಲ್ಲಿ ಅದಕ್ಕಿಂತ ಜಾಸ್ತಿ ನಿಲ್ಲಲು ಜಾಗವೇ ಇಲ್ಲ, ಎರಡನೆಯದು ಕೆನ್ನೆಗೆ. ಕೆಳರೆಪ್ಪೆ ಎಳೆದು ಜೋಳಿಗೆ ಮಾಡಿ ಅದರೊಳಗೆ ಬಿಡಿ, ಬಾಟ್ಲಿನ ಮೂತಿ ರೆಪ್ಪೆಗೂದಲಿಗೂ ತಾಗಬಾರದು. ಎರಡು ಔಷಧಿ ಇದ್ದರೆ ನಡುವೆ ಐದು ನಿಮಿಷ. ತೆರೆದ ದಿನಾಂಕವನ್ನು ಬಾಟ್ಲಿನ ಮೇಲೆ ಪೆನ್ನಿನಲ್ಲಿ ಬರೆಯಿರಿ, 28 ದಿನಕ್ಕೆ ಎಸೆಯಿರಿ. ಒಬ್ಬರದು ಇನ್ನೊಬ್ಬರಿಗೆ ಬೇಡ. ಮೆಡಿಕಲ್ ಶಾಪಿನಲ್ಲಿ ಡಬ್ಬಿಯ ಮೇಲೆ ಕೆಂಪು ಗೆರೆ ಕಂಡರೆ ಚೀಟಿ ಇಲ್ಲದೆ ಅದನ್ನು ಕೇಳಬೇಡಿ, ಕೊಟ್ಟರೂ ತರಬೇಡಿ.

ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವೂ ಇದೆ, ಕಲ್ಚರ್ ಮಾಡುವ ಲ್ಯಾಬೂ ಇದೆ. ಆಲೂರಿನಿಂದ ಬಸ್ಸಿನಲ್ಲಿ ಬಂದರೆ ಸಾಕು. ಬಿಪಿಎಲ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಇದ್ದರೆ ಜೊತೆಗಿರಲಿ. ಆ ನಾಲ್ಕೂ ಬಾಟ್ಲು ತನ್ನಿ, ಖಾಲಿಯಾದವನ್ನೂ ತನ್ನಿ. ಶುಗರ್ ಮಾತ್ರೆಯ ಚೀಟಿ, ಲ್ಯಾಬ್ ರಿಪೋರ್ಟ್ ಮರೆಯಬೇಡಿ. ಮತ್ತೆ, ಹೊರಡುವ ದಿನ ಬೆಳಗ್ಗೆ ಒತ್ತಿ ಕೀವು ತೆಗೆಯಬೇಡಿ, ಡ್ರಾಪ್ಸೂ ಬಿಡಬೇಡಿ. ಕಣ್ಣು ಎದ್ದಾಗ ಹೇಗಿತ್ತೋ ಹಾಗೇ ಕರೆದುಕೊಂಡು ಬನ್ನಿ. ಆ ಹನಿಯನ್ನು ಡಾಕ್ಟರು ಕಣ್ಣಾರೆ ನೋಡಲಿ.